ದೇವದುರ್ಗದ ನರ್ಸಮ್ಮ

ರಾಯಚೂರು
೧೮ ಜನವರಿ ೨೦೨೪

ಮೈ ಡಿಯರ್ ಡಾಟರ್ ಸ್ವಪ್ನಾ,

ಐ ಆ್ಯಮ್ ಕ್ವೈಟ್ ವೆಲ್ ಹಿಯರ್ ಅಂತ ಬರದು ಆಮ್ಯಾಲ ಹೊಡದು ಹಾಕೀನಿ ನೋಡು. ಕ್ವೈಟ್ ವೆಲ್ ಏನೂ ಇಲ್ಲ. ಬಿ.ಎ. ಎರಡನೇ ವರ್ಷದ ತನ ಓದಿದಾಗ ಕಾಗದ ಹಿಂಗ ಸುರು ಮಾಡಬೇಕು ಅಂತ ಕಲಿಸಿದ್ರು, ಕೈ ತಾನ ಬರೀತದ. ಹನ್ನೊಂದು ವರ್ಷ ಬಿಟ್ಟು ಬರಿಯೋ ಕಾಗದ ಹೆಂಗ ಸುರು ಮಾಡಬೇಕು ಅಂತ ಯಾರೂ ಕಲಿಸಲಿಲ್ಲ.

ವಿಷಯ ಇಷ್ಟ. ಡಿಸೆಂಬರ್ ಇಪ್ಪತ್ತೊಂಬತ್ತಕ್ಕ ನಿನ್ನ ನೀಲತ್ತಿಗೆ, ನಮ್ಮ ಅಕ್ಕಗ, ಲಕ್ವಾ ಹೊಡೀತು. ಮುಂಜಾನೆ ರೊಟ್ಟಿ ಮಾಡಾಕತ್ತಿದ್ಲು. ನಾ ಬಚ್ಚಲದಿಂದ ಬಂದು ನೋಡಿದ್ರ ಹಂಚಿನ ಮ್ಯಾಲ ರೊಟ್ಟಿ ಕರ್ರಗ ಸುಟ್ಟದ, ಅಕ್ಕ ಗ್ವಾಡಿಗೆ ಒರಗ್ಯಾಳ, ಬಾಯಿ ಒಂದ ಕಡಿಗೆ ಎಳದದ. ಕೂಗಿದ್ಲೋ ಏನೋ, ನನಗ ಕೇಳಿಸಿಲ್ಲ. ಮೂವತ್ತೊಂದು ವರ್ಷ ಹತ್ತಿ ಬಿಡಿಸೋ ಜಿನ್ನಿನಾಗ ತೂಕದ ಗುಮಾಸ್ತ ಆಗಿದ್ದು, ಮಶೀನಿನ ಗದ್ದಲಕ್ಕ ಕಿವಿ ಅಲ್ಲೇ ಬಿಟ್ಟು ಬಂದೀನಿ. ನೀ ಇದ್ದಾಗ ಒಂದು ಕಿವಿಯಾರ ಕೇಳಸ್ತಿತ್ತು, ಈಗ ಅದೂ ಇಲ್ಲ. ಫೋನು ಇಟಗೊಂಡು ಏನ ಮಾಡ್ಲಿ? ಅದಕ್ಕ ಈ ಕಾಗದ. ದೇವದುರ್ಗ ಬಸ್ಸಿನ ಕಂಡಕ್ಟರ್ ಸಮೀಉಲ್ಲಾ ನಮ್ಮ ಓಣಿಯವ, ನೀ ಅಲ್ಲಿ ದವಾಖಾನಿಯಾಗ ನರ್ಸ್ ಇದ್ದೀ ಅಂತ ಆತನ ಹೇಳಿದ. ಆತನ ಕೈಯಾಗ ಕಳಸಾಕತ್ತೀನಿ.

ಅಕ್ಕನ ಬಲಗೈ ಬಲಗಾಲು ಪೂರಾ ಹೋದ್ವು. ಮಾತು ಹೋತು. ನುಂಗಾಕ ಬರಂಗಿಲ್ಲ. ಎಡಗೈ ಒಂದ ಆಡ್ತದ. ದವಾಖಾನಿಯಾಗ ಮೂಗಿಗೆ ಪೈಪು ಹಾಕಿ, ಇಷ್ಟು ದೊಡ್ಡ ಸಿರಿಂಜು ನನ್ನ ಕೈಯಾಗ ಕೊಟ್ಟು, ಆ ಸಿಸ್ಟರು ಏನೇನೋ ಹೇಳಿದ್ರು. ಅವರ ಬಾಯಿಗೆ ಮಾಸ್ಕು, ನನಗ ತುಟಿ ಸುದ್ದಾ ಕಾಣಲಿಲ್ಲ. ಹೂಂ ಹೂಂ ಅಂದು ಮನಿಗೆ ಕರಕೊಂಡು ಬಂದೀನಿ. ಈಗ ಸಿರಿಂಜು ಹಿಡದ್ರ ಎಷ್ಟು ಹಾಕಬೇಕು, ಹೆಂಗ ಹಾಕಬೇಕು ತಿಳೀವಲ್ದು. ಟೊಂಕದ ಕೆಳಗ ಎಂಟಾಣೆಯಷ್ಟು ಅಗಲ ಕೆಂಪಗಾಗಿ ತೊಗಲು ಸುಲದದ.

ನಿಮ್ಮವ್ವ ತೀರಿದಾಗ ನಿನಗ ಒಂಬತ್ತು ವರ್ಷ. ಹಿರೇಕೊಟ್ನೆಕಲ್ಲಿನ ಮನಿ ಬಿಟ್ಟು ಬಂದು ನಿನ್ನ ಜಡಿ ಹಾಕಿದಾಕಿ ಅಕ್ಕ. ಆಮ್ಯಾಲ ಆದದ್ದು ಆತು. ಆವತ್ತು ಆಕಿ ಒಪ್ಪಲಿಲ್ಲ, ನಾ ಏನ ಮಾಡ್ಲಿ. ಬ್ಲಡ್ ಇಸ್ ಥಿಕ್ಕರ್ ದ್ಯಾನ್ ಅಂತ ಒಂದು ಮಾತದ, ಮುಂದಿನ ಶಬ್ದ ಮರತದ. ಏನ ಮಾಡಬೇಕು, ಹೆಂಗ ಮಾಡಬೇಕು, ಅಷ್ಟು ಬರದು ಕಳಸು.

ಯುವರ್ಸ್ ಒಬೀಡಿಯೆಂಟ್ಲಿ,
ಶರಣಯ್ಯ


ದೇವದುರ್ಗ
೨೩ ಜನವರಿ ೨೦೨೪

ಅಪ್ಪಗ,

ನೀವು ಮರೆತ ಶಬ್ದ ನೀರು. ಪ್ರತಿ ಸಲ ಪೈಪಿನಾಗ ಆಹಾರ ಹಾಕಿದ ಮ್ಯಾಲ ಕುದಿಸಿ ಆರಿಸಿದ ನೀರು ಒಂದು ಸಣ್ಣ ವಾಟಗದಷ್ಟು ಹಾಕ್ರಿ, ಇಲ್ಲಂದ್ರ ಪೈಪು ಕಟ್ಟತದ. ಇಲ್ಲಿ ಮರೀಬ್ಯಾಡ್ರಿ.

ಹಾಕೋ ಮುಂದ ತಲೆ ಕಡೆ ದಿಂಬು ಏರಿಸಿ ಅರ್ಧ ಕೂತಂಗ ಮಾಡ್ರಿ, ಹಾಕಿದ ಮ್ಯಾಲೂ ಅರ್ಧ ತಾಸು ಹಂಗೇ ಇರಲಿ. ಸಿರಿಂಜು ಒತ್ತಬ್ಯಾಡ್ರಿ, ಮ್ಯಾಲ ಹಿಡೀರಿ, ತಾನೇ ಇಳೀತದ. ಬಾಯಿಂದ ಒಂದು ಹನಿ ಸುದ್ದಾ ಬ್ಯಾಡ, ಎಷ್ಟು ಕಣ್ಣೀರು ಹಾಕಿದ್ರೂ ಬ್ಯಾಡ. ಪೈಪು ತಿಂಗಳಿಗೊಮ್ಮೆ ದವಾಖಾನಿಯಾಗ ಬದಲಿಸಬೇಕು. ಈಗ ಬಲ ಮೂಗಿನಾಗ ಇದ್ರ ಮುಂದಿನ ಸಲ ಎಡಕ್ಕ. ದಿನಾ ಬ್ಯಾಟರಿ ಹಿಡದು ಮೂಗಿನ ಒಳಗ ನೋಡ್ರಿ.

ಹುಣ್ಣಿಗೆ ಮುಲಾಮಿಗಿಂತ ಮಗ್ಗಲು ದೊಡ್ಡದು. ಎರಡು ತಾಸಿಗೊಮ್ಮೆ ಎಡಕ್ಕ, ಅಂಗಾತ, ಬಲಕ್ಕ. ಎಳೀಬ್ಯಾಡ್ರಿ, ಎತ್ರಿ. ಕೆಳಗ ಒಂದು ಹಳೇ ಸೀರಿ ಮಡಚಿ ಹಾಸಿ ಇಬ್ಬರು ಎರಡು ಕಡೆ ಹಿಡದು ಎತ್ತಿದ್ರ ಚರ್ಮ ಉಜ್ಜಂಗಿಲ್ಲ. ದಿನಾ ಎರಡು ಸಲ ಮೊಣಕಾಲು, ತೊಡಿಸಂದು, ಹಿಮ್ಮಡಿ ಮೆಲ್ಲಕ ಮಡಚಿ ಬಿಡಸ್ರಿ, ಹತ್ತತ್ತು ಸಲ. ಆಕಿಗೆ ಉಪಯೋಗ ಇಲ್ಲ ಅಂತ ಬಿಡಬ್ಯಾಡ್ರಿ. ಬಿಟ್ರ ಕಾಲು ಕಟ್ಟಿಗಿ ಆಗ್ತಾವ, ಆಮ್ಯಾಲ ಯಾರು ಏನ ಮಾಡಿದ್ರೂ ಮಡಚಂಗಿಲ್ಲ.

ಬರೇ ಗಂಜಿ ನೀರಿಗೆ ಹುಣ್ಣು ಮಾಯಂಗಿಲ್ಲ. ಸಮೀಉಲ್ಲಾ ಅಣ್ಣನ ಕೈಯಾಗ ಹಿಟ್ಟು ಕಳಸೀನಿ. ಮೊಳಕಿ ಬರಿಸಿದ ಜೋಳ, ಹೆಸರು, ಶೇಂಗಾ ಹುರದು ಬೀಸಿದ್ದು. ಹಾಲಿನಾಗ ತೆಳ್ಳಗ ಕುದಿಸಿ ಬಟ್ಟಿಯಾಗ ಸೋಸಿ ಹಾಕ್ರಿ. ಹುರದು ಬೀಸಿದವರು ನಮ್ಮತ್ತಿ ಗೋಪಮ್ಮ, ಸಂಜೀವನ ತಾಯಿ. ಅವರ ಜಾತಿ ನಿಮಗ ಗೊತ್ತಿದ್ದದ್ದೇ, ಮುಚ್ಚಿಡಬಾರದು ಅಂತ ಬರದೀನಿ. ಬ್ಯಾಡಾದ್ರ ಹೊಳ್ಳಿ ಕಳಸ್ರಿ, ಚೆಲ್ಲಬ್ಯಾಡ್ರಿ.

ಆವತ್ತು ನಾನು ಸಂಜೀವ ಬಾಗಿಲಾಗ ನಿಂತಾಗ ನೀಲತ್ತಿ ಒಳಗಿದ್ಲು. ಹೊರಗ ಬರಲಿಲ್ಲ. ನೀವು ಬಂದು "ಅಕ್ಕ ಒಪ್ಪಂಗಿಲ್ಲ, ಹೋಗ್ರಿ" ಅಂದ್ರಿ. ಅದನ್ನ ಮರತು ಬರಿಯಾಕತ್ತಿಲ್ಲ. ಪೇಶಂಟು ಅಂತ ಬರಿಯಾಕತ್ತೀನಿ.

ಸ್ವಪ್ನಾ ಸಂಜೀವ
ಸ್ಟಾಫ್ ನರ್ಸ್


ರಾಯಚೂರು
೨೬ ಫೆಬ್ರುವರಿ ೨೦೨೪

ಮೈ ಡಿಯರ್ ಡಾಟರ್,

ನೀ ಬರದದ್ದನ್ನೆಲ್ಲಾ ಹಳೇ ಕ್ಯಾಲೆಂಡರಿನ ಹಿಂದ ದಪ್ಪ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚೀನಿ. ಜಿನ್ನಿನಾಗ ಪಾಳಿ ಹಚ್ಚತಿದ್ರಲ್ಲ, ಹಂಗ. ಆರಕ್ಕ ಎಡ, ಎಂಟಕ್ಕ ಅಂಗಾತ, ಹತ್ತಕ್ಕ ಬಲ. ಕೆಳಗಿನ ಮನಿಯಾಗ ಬಾಡಿಗಿಗೆ ಇರೋ ಅಯ್ಯಮ್ಮ ಬಂದು ಸೀರಿಯ ಇನ್ನೊಂದು ತುದಿ ಹಿಡಿತಾಳ. ಅಂಗನವಾಡಿಯಾಗ ಅಡಿಗಿ ಮಾಡಾಕಿ, ತೋಳು ಗಟ್ಟಿ, ಬಾಯಿ ಅದಕಿಂತ ಗಟ್ಟಿ. "ಅಯ್ಯನೋರ, ನಿಮ್ಮ ಅಕ್ಕನ್ನ ಎತ್ತೂದು ಹಗುರ, ಎತ್ತಿದಮ್ಯಾಲ ನೀವು ಉಸ್ಸಂತ ಕೂಡ್ತೀರಲ್ಲ, ನಿಮ್ಮನ್ನ ಎಬ್ಬಸೂದ ಭಾರ" ಅಂತ ಮುಖದ ಮುಂದ ನಿಂತು ಒದರಿದ್ಲು. ನಾ ಓದಿದ ತುಟಿಗಳಾಗ ಆಕಿವೇ ಸ್ವಚ್ಛ.

ಹಿಟ್ಟಿನ ವಿಷಯ ಖರೇ ಬರೀತೀನಿ. ಮೊದಲ ದಿನ ಚೀಲ ಹೊಳ್ಳಿ ಕಳಸಬೇಕಂತ ಬಾಗಿಲ ತನ ಒಯ್ದಿದ್ದೆ. ಆ ಹುಣ್ಣು ನೆನಪಾಗಿ ಹೊಳ್ಳಿ ತಂದು ಡಬ್ಬಿಗೆ ಸುರದೆ. ಈಗ ಕುದಿಸಿ, ಸೋಸಿ, ಕೈ ಮ್ಯಾಲ ಒಂದು ಹನಿ ಬಿಟ್ಟು ಬಿಸಿ ನೋಡ್ತೀನಿ, ನಿನಗ ಹಾಲು ಹಾಕುವಾಗ ನಿಮ್ಮವ್ವ ನೋಡಿದಂಗ. ಹುಣ್ಣು ಎಂಟಾಣೆ ಇದ್ದದ್ದು ನಾಕಾಣೆ ಆಗ್ಯದ. ಗಲ್ಲದಾಗ ಸ್ವಲ್ಪ ಮಾಂಸ ಬಂದದ. ಹುರದ ಹಿಟ್ಟು ಕುದಿಯೋ ವಾಸನಿಗೆ ಅಕ್ಕ ಕಣ್ಣು ತೆರದು ಒಲಿ ಕಡೆ ನೋಡ್ತಾಳ.

ಜಳಕ, ವಿಭೂತಿ ಆದಮ್ಯಾಲ ಎಡ ಅಂಗೈ ಮ್ಯಾಲ ಲಿಂಗ ಇಡ್ತೀನಿ. ಪೂಜಿಗೆ ಎಡಗೈ ಬೇಕಲ್ಲ, ದೇವರು ಅದೊಂದನ್ನ ಉಳಸ್ಯಾನ. ಕಣ್ಣು ಕೀಳದ ಅದನ್ನ ನೋಡಿಕೋತ ಇರ್ತಾಳ. ಮೊಣಕಾಲಿಂದೂ ನಡದದ. ಒನ್ ಟೂ ತ್ರೀ ಅಂತ ಹತ್ತರ ತನ ಎಣಸ್ತೀನಿ, ಡ್ರಿಲ್ ಮಾಸ್ತರನಂಗ.

ಹಿಟ್ಟು ಯಾರದು ಅಂತ ಆಕಿಗೆ ಹೇಳಿಲ್ಲ. ಗೊತ್ತಾದ್ರ ಮುಗೀತು, ಆಕಿ ಮಡಿ ನಿನಗ ಗೊತ್ತದ. ನಿನ್ನ ಕಾಗದ ಮಂಚದ ಬಾಜೂಕ ಕಿಡಕ್ಯಾಗ ಕೂತು ಓದ್ತೀನಿ, ಬೆಳಕು ಅಲ್ಲೇ ಚಲೋ ಅದ. ಓದಿ ಟ್ರಂಕಿನಾಗ ಕೀಲಿ ಹಾಕಿ ಇಡ್ತೀನಿ. ಆ ವಿಷಯದಾಗ ನಿಶ್ಚಿಂತಿ ಇರು.

ಯುವರ್ಸ್ ಅಫೆಕ್ಷನೇಟ್ಲಿ,
ಶರಣಯ್ಯ


ದೇವದುರ್ಗ
೧೦ ಮಾರ್ಚ್ ೨೦೨೪

ಅಪ್ಪಾ,

ನಿಮ್ಮ ಕಾಗದ ಗೋಪಮ್ಮತ್ತಿಗೆ ಓದಿ ಹೇಳಿದೆ. ನಾಕಾಣೆ ಅಂದಿದ್ದಕ್ಕ "ಹಂಗಾದ್ರ ಇನ್ನೊಂದು ಸೇರು ಹುರೀತೀನಿ ತಡಿ" ಅಂತ ಎದ್ರು. ಎದ್ರು ಅಂತ ಬರಿಯೋದೇ ನನಗ ಸಂತೋಷ. ಹೋದ ವರ್ಷ ಟೊಂಕದ ಎಲುಬು ಮುರದು ನಾಕು ತಿಂಗಳು ಹಾಸಿಗಿ ಹಿಡದಿದ್ರು. ನಾನು ಡ್ಯೂಟಿಗೆ ಹೋದ್ರ ಸಂಜೀವ ಸಾಲಿಗೆ ರಜೆ ಹಾಕಿ ಮಗ್ಗಲು ಬದಲಿಸ್ತಿದ್ರು. ಈಗ ವಾಕರ್ ಹಿಡದು ಅಂಗಳದ ತನ ಬರ್ತಾರ. ಅವರು ಮಲಗಿದ್ದ ಗಾಳಿ ಹಾಸಿಗಿ ಖಾಲಿ ಅದ, ಬಸ್ಸಿನ ಮ್ಯಾಲ ಹಾಕಿ ಕಳಸೀನಿ. ಅದಕ್ಕ ಕರೆಂಟಿನ ಸಣ್ಣ ಮೋಟರ್ ಅದ, ಯಾವತ್ತೂ ಬಂದ್ ಮಾಡಬ್ಯಾಡ್ರಿ.

ಒಂದು ಮಾತು ಕೇಳಬೇಕು. ನೀಲತ್ತಿ ತಲಿ ಈಗ ಯಾರು ಬಾಚ್ತಾರ? ನನಗ ಜಡಿ ಹಾಕುವಾಗ ಎಷ್ಟು ಬಿಗಿ ಎಳೀತಿದ್ಲು ಅಂದ್ರ ಹುಬ್ಬು ಮ್ಯಾಲ ಏರ್ತಿದ್ವು, ಸಾಲ್ಯಾಗ ಹುಡುಗರು "ಏನ ಸ್ವಪ್ನಾ, ಯಾವಾಗಲೂ ಬೆರಗಾಗಿರ್ತಿ" ಅಂತಿದ್ರು. ಕೂದಲ ಗಂಟಾದ್ರ ದಿಂಬಿಗೆ ಒತ್ತಿ ತಲಿ ಹಿಂದೂ ಹುಣ್ಣಾಗ್ತದ. ಒಂದು ಆಯ್ತವಾರ ನಾ ಬಂದು ಬಾಚಲೇನು? ಒಬ್ಬಾಕಿನೇ ಬರ್ತೀನಿ.

ಪೈಪು ಬದಲಿಸಿದಿರೋ ಇಲ್ಲೋ ಬರದಿಲ್ಲ. ಎರಡು ತಿಂಗಳಾತು.

ಸ್ವಪ್ನಾ


ರಾಯಚೂರು
೨೯ ಮಾರ್ಚ್ ೨೦೨೪

ಮೈ ಡಿಯರ್ ಡಾಟರ್,

ಗಾಳಿ ಹಾಸಿಗಿ ಬಂತು. ಅಕ್ಕ ಅದರ ಮ್ಯಾಲ ತೆರಿ ಮ್ಯಾಲಿನ ದೋಣಿಯಂಗ ಮೆಲ್ಲಕ ಏರಿ ಇಳೀತಾಳ. ಮೋಟರ್ ಹಗಲೂ ರಾತ್ರಿ ಚಾಲೂ ಅದ, ಕೈ ಇಟ್ಟರ ಸಣ್ಣಗ ನಡುಗ್ತದ.

ನೀ ಬರೋ ವಿಷಯ. ಈಗ ಬ್ಯಾಡ. ಬಿಸಿಲು ಭಾಳ ಅದ. ಯುಗಾದಿ ಆಗಲಿ. ಅದೂ ಅಲ್ದ ಹಿರೇಕೊಟ್ನೆಕಲ್ಲಿನಿಂದ ನಮ್ಮ ದೊಡ್ಡಪ್ಪನ ಮಗ ವಿರೂಪಣ್ಣ ಆಗಾಗ ಅಕ್ಕನ್ನ ನೋಡಾಕ ಬರ್ತಾನ, ಆತ ಇದ್ದಾಗ ನೀ ಬಂದ್ರ ಮಾತು ಬೆಳೀತಾವ. ನನಗೇನಿಲ್ಲ. ನಿನ್ನ ನೋಡಿ ಅಕ್ಕನ ಜೀವಕ್ಕ ಧಕ್ಕಿ ಆದೀತು ಅಂತ ಅಷ್ಟ. ಡಾಕ್ಟರು ಶಾಕ್ ಆಗಬಾರದು ಅಂದಾರ. ತಲಿ ಅಯ್ಯಮ್ಮ ಬಾಚ್ತಾಳ.

ಪೈಪಿಗೆ ಏನೂ ಆಗಿಲ್ಲ, ಸರಳ ಇಳೀತದ. ಅಕ್ಕನ್ನ ಹನ್ನೊಂದು ಮೆಟ್ಟಲು ಇಳಿಸಿ ದವಾಖಾನಿಗೆ ಒಯ್ಯಬೇಕಂದ್ರ ನಾಕು ಮಂದಿ ಬೇಕು, ಎಲ್ಲಿಂದ ತರ್ಲಿ.

ಯುವರ್ಸ್ ಅಫೆಕ್ಷನೇಟ್ಲಿ,
ಶರಣಯ್ಯ


ರಾಯಚೂರು
೭ ಮೇ ೨೦೨೪

ಸ್ವಪ್ನಾ,

ಅಕ್ಕ ಪೈಪು ಕೀಳಾಕತ್ತಾಳ. ಹದಿನೈದು ದಿನದಾಗ ನಾಕು ಸಲ. ಪೂಜಿಗಂತ ಎಡಗೈಯಾಗ ಲಿಂಗ ಇಟ್ಟು, ತಗದು ಈ ಕಡಿ ತಿರುಗೋದ್ರಾಗ ಮೂಗಿಗೆ ಕೈ. ಓಣಿ ತುದಿಗೆ ಕ್ಲಿನಿಕ್ಕಿನ ಕಂಪೌಂಡರ್ ಬೀರೇಶ ಅಂತ ಇದ್ದಾನ, ಆತ ಬಂದು ಅದನ್ನ ತೊಳದು ಅದೇ ಮೂಗಿಗೆ ಹೊಳ್ಳಿ ಹಾಕ್ತಾನ. ಹಾಕುವಾಗ ಆಕಿ ಕಣ್ಣಾಗ ನೀರು ಧಾರಾಧಾರ. ಕೈ ಎತ್ತಿ ಮೂಗು ತೋರಸ್ತಾಳ, ಹ್ಞಾ ಹ್ಞಾ ಅನ್ನೋರಂಗ ಬಾಯಿ ತೆರೀತಾಳ, ಒಲಿ ಕಡೆ ನೋಡ್ತಾಳ. ನನಗ ತಿಳೀತು. ಆಕಿಗೆ ಗೊತ್ತಾಗ್ಯದ. ನಾ ಹೇಳಿಲ್ಲ. ಸಮೀಉಲ್ಲಾನ ಕಡಿಂದ ತಿಳಕೊಂಡು ಅಯ್ಯಮ್ಮನೇ ಅಂದಿರಬೇಕು, ಆಕಿ ಬಾಯಾಗ ಏನೂ ನಿಲ್ಲಂಗಿಲ್ಲ.

ಅದಕ್ಕ ಇನ್ನ ಹಿಟ್ಟು ಕಳಸಬ್ಯಾಡ. ಕಾರಣ ಬಿಡಿಸಿ ಬರಿಯಂಗಿಲ್ಲ, ನೀ ಶಾಣ್ಯಾಕಿ. ಅಂಗಡಿಯಾಗ ಪೌಡರ್ ಡಬ್ಬಿ ಸಿಗ್ತಾವ, ಅದನ್ನ ಸುರು ಮಾಡೀನಿ. ನಿಮ್ಮತ್ತಿ ಬಗ್ಗೆ ನನಗ ಏನೂ ಇಲ್ಲ ಮತ್ತ, ಹಂಗ ತಿಳೀಬ್ಯಾಡ. ಎಪ್ಪತ್ತಾರು ವರ್ಷದ ಮುದುಕಿ ಮಡಿ ನಾ ಹೆಂಗ ಬಿಡಿಸ್ಲಿ. ಕೈ ಕಟ್ಟಬೇಕಂದ್ರ ಹೆಂಗ ಕಟ್ಟಬೇಕು, ಅದನ್ನ ಬರಿ.

ಶರಣಯ್ಯ


ದೇವದುರ್ಗ
೧೧ ಮೇ ೨೦೨೪

ಅಪ್ಪಗ,

ಹಿಟ್ಟು ಬರಂಗಿಲ್ಲ. ಗೋಪಮ್ಮತ್ತಿಗೆ "ಅವರ ಹೊಟ್ಟಿಗೆ ಆಗಿಬರಲಿಲ್ಲ" ಅಂತ ಹೇಳೀನಿ. "ಹೆಸರು ಕಡಿಮಿ ಹಾಕಿ ನೋಡೂಣೇನು?" ಅಂದ್ರು.

ಕೈ ಕಟ್ಟೋ ಮೊದಲು ಮೂಗು ನೋಡ್ರಿ. ಹದಿಮೂರು ವರ್ಷದ ನೌಕರಿಯಾಗ ಪೈಪು ಕಿತ್ತವರನ್ನ ಎಷ್ಟೋ ನೋಡೀನಿ. ಜಾತಿಗೆ ಕಿತ್ತವರನ್ನ ಒಬ್ಬರನ್ನೂ ನೋಡಿಲ್ಲ. ನೋವಿಗೆ ಕೀಳ್ತಾರ. ಜನವರಿಯಿಂದ ಒಂದೇ ಮೂಗಿನಾಗ ಒಂದೇ ಪೈಪು ಇದ್ರ ಒಳಗ ಕೊರದು ಹುಣ್ಣಾಗಿರ್ತದ. ಬ್ಯಾಟರಿ ಹಿಡದು ಏನು ಬಣ್ಣ ಅದ ಅಂತ ಬರದು ಕಳಸ್ರಿ. ಆ ಪೈಪು ಮತ್ತ ಬಲ ಮೂಗಿಗೆ ಹಾಕಸಬ್ಯಾಡ್ರಿ.

ಇಲ್ಲಾ ನಾನೇ ಬರ್ತೀನಿ. ಹತ್ತು ನಿಮಿಷದ ಕೆಲಸ. ನನ್ನ ಕೈ ತಾಕಬಾರದು ಅಂದ್ರ ಗ್ಲೌಸ್ ಹಾಕ್ಕೋತೀನಿ, ಹೆಂಗೂ ಹಾಕ್ಕೋಬೇಕು.

ಕಟ್ಟಲೇಬೇಕಂದ್ರ ಹಳೇ ಬನಿಯನ್ನಿನ ಚೀಲ ಹೊಲದು ಒಳಗ ಹತ್ತಿ ತುಂಬಿ ಕೈಗೆ ಹಾಕ್ರಿ, ಮಣಿಕಟ್ಟಿನಾಗ ಒಂದು ಬೆರಳು ಸರಿಯುವಷ್ಟು ಸಡಿಲ ಇರಲಿ. ಮಂಚಕ್ಕ ಕಟ್ಟಬ್ಯಾಡ್ರಿ.

ಸ್ವಪ್ನಾ


ರಾಯಚೂರು
೨೧ ಜೂನ್ ೨೦೨೪

ಸ್ವಪ್ನಾ,

ಬರಿಯಾಕ ತಡ ಆತು. ಪೌಡರಿಗೆ ಹೊಟ್ಟಿ ಕೆಟ್ಟು ಭೇದಿ ಆಗಾಕತ್ತು. ದಿನಕ್ಕ ಆರು ಸಲ, ಏಳು ಸಲ ಬಟ್ಟಿ. ಹುಣ್ಣು ಒದ್ದಿ ಆಗಿ ಬಾಯಿ ಬಿಟ್ಟದ. ಈಗ ಆಣೆ ಲೆಕ್ಕ ಬ್ಯಾಡ, ನನ್ನ ಮುಷ್ಟಿ ಹಿಡಿಸ್ತದ. ಅಯ್ಯಮ್ಮ "ಆ ಹುರದ ಹಿಟ್ಟು ಯಾಕ ಬಿಟ್ರಿ, ಅದರಾಗ ಚಲೋ ಇದ್ಲಲ್ಲ" ಅಂತ ದಿನಾ ಜಗಳ ತಗೀತಾಳ. "ನೀನೇ ಬಾಯಿ ಬಿಟ್ಟು ಹಾಳು ಮಾಡಿದಿ" ಅಂದೆ. ಮೂರು ದಿನ ಮೆಟ್ಟಲು ಏರಿ ಬರಲಿಲ್ಲ, ಮೂರೂ ದಿನ ಮಗ್ಗಲು ತಪ್ಪಿದ್ವು.

ಕೈಚೀಲ ಹೊಲದು ಹಾಕೀನಿ. ಜಿನ್ನಿನಾಗ ಹತ್ತಿ ತುಂಬಿ ತುಂಬಿ ಕೈಗೆ ರೂಢಿ, ಮೆತ್ತಗ ಬಂದದ. ಚೀಲ ತಗದ್ರ ಪೈಪು ಕೀಳ್ತಾಳ, ತಗೀಲಿಲ್ಲ ಅಂದ್ರ ಅಂಗೈ ಮ್ಯಾಲ ಲಿಂಗ ಇಡಾಕ ಬರಂಗಿಲ್ಲ. ಈಗ ಲಿಂಗ ಎದಿ ಮ್ಯಾಲ ಇಡ್ತೀನಿ. ಗದ್ದ ಕೆಳಗ ಮಾಡಿ ನೋಡಾಕ ಹೋಗ್ತಾಳ, ಆಗಂಗಿಲ್ಲ.

ಮೊಣಕಾಲಿನ ಕಸರತ್ತು ಒಂದು ದಿನಾ ಬಿಟ್ಟಿಲ್ಲ. ಅದೊಂದು ನನ್ನ ಕೈಲಾಗೋದು.

ನೀ ಬರಬ್ಯಾಡ.

ಶರಣಯ್ಯ


ದೇವದುರ್ಗ
೧ ಜುಲೈ ೨೦೨೪

ಅಪ್ಪಗ,

ನಿನ್ನೆ ಆಯ್ತವಾರ ಬಂದಿದ್ದೆ. ಬರ್ತೀನಿ ಅಂತ ಶುಕ್ರವಾರನೇ ಸಮೀಉಲ್ಲಾ ಅಣ್ಣನ ಕೈಯಾಗ ಚೀಟಿ ಕಳಸಿದ್ದೆ, ನಿಮ್ಮ ಕೈಯಾಗೇ ಕೊಟ್ಟೀನಿ ಅಂದ್ರು. ಹೊರಗ ಕೀಲಿ ಹಾಕಿತ್ತು. ಕೆಳಗಿನ ಅಯ್ಯಮ್ಮ ನೀರಮಾನ್ವಿ ಎಲ್ಲಮ್ಮನ ಗುಡಿಗೆ ಹೋಗ್ಯಾರ ಅಂತ ಬಾಜೂಕಿನವರು ಅಂದ್ರು. ನೀಲತ್ತಿನ್ನ ದವಾಖಾನಿಗೆ ಒಯ್ದೀರೇನೋ ಅನಕೊಂಡು ಇಳಿಯಾಕ ತಿರುಗಿದೆ. ಆಗ ಒಳಗ ಗಾಳಿ ಹಾಸಿಗಿ ಮೋಟರ್ ಗುಂಯ್ ಅನ್ನೋದು ಕೇಳಿಸಿತು. ನಾಕು ತಿಂಗಳು ನನ್ನ ಮನಿಯಾಗ ಕೇಳಿದ ಸಪ್ಪಳ ಅದು, ತಪ್ಪಂಗಿಲ್ಲ.

ನೀಲತ್ತೀ ಅಂತ ಕೂಗಿದೆ. ನಾ ಸ್ವಪ್ನಾ ಬಂದೀನಿ ಅಂದೆ. ಮಂಚಕ್ಕ ಏನೋ ಮೆತ್ತಗ ಬಡದ ಸಪ್ಪಳ ಬಂತು. ಮತ್ತ ಕೂಗಿದೆ, ಮತ್ತ ಬಂತು. ನಾಕರ ಬಸ್ಸಿನ ತನ ಮೆಟ್ಟಲ ಮ್ಯಾಲ ಕೂತಿದ್ದೆ. ಮಧ್ಯಾಹ್ನದ ಮ್ಯಾಲ ಆಕಿ ಬಡೀಲಿಲ್ಲ. ಕೀಲಿ ಒಡಿಯೋ ಹಕ್ಕು ನನಗಿಲ್ಲ ಅಂತ ನೀವು ಹನ್ನೊಂದು ವರ್ಷದ ಹಿಂದೇ ಹೇಳೀರಿ.

ಹೊಸ ಪೈಪು, ಮುಲಾಮು, ಒಂದು ಡಬ್ಬಿ ಹಿಟ್ಟು ಬಾಗಿಲ ಮುಂದ ಇಟ್ಟೀನಿ. ಬಾಚಣಿಕಿನೂ ತಂದಿದ್ದೆ. ಅದನ್ನ ಹೊಳ್ಳಿ ತಂದೀನಿ.

ಸ್ವಪ್ನಾ


ರಾಯಚೂರು
೧೯ ಆಗಸ್ಟ್ ೨೦೨೪

ಸ್ವಪ್ನಾ,

ಅಕ್ಕ ತೀರಿಕೊಂಡು ಇವತ್ತಿಗೆ ಎಂಟು ದಿನ. ಹೋದ ಸೋಮವಾರ, ಮುಂಜಾನೆ ಹನ್ನೊಂದಕ್ಕ, ದವಾಖಾನಿಯಾಗ. ಶ್ರಾವಣ ಸೋಮವಾರ ಹೋದಾಕಿ ಪುಣ್ಯವಂತಿ ಅಂತ ಮಂದಿ ಅಂದ್ರು. ನಿನಗ ಆವತ್ತೇ ತಿಳಿಸಬೇಕಿತ್ತು. ಸಮೀಉಲ್ಲಾ ಬಂದು ಬಾಗಿಲಾಗ ನಿಂತು, "ಚಾಚಾ, ದೇವದುರ್ಗಕ್ಕ ಹೇಳಲೇನು?" ಅಂತ ಕೈ ಮಾಡಿ ಕೇಳಿದ. ತುಟಿ ಸ್ವಚ್ಛ ಕಂಡ್ವು. ಕೇಳಿಸಲಿಲ್ಲ ಅನ್ನೋರಂಗ ನಿಂತೆ.

ಜ್ವರ ಬಂದದ್ದು ಇಳೀಲಿಲ್ಲ. ಹುಣ್ಣಿನ ನಂಜು ರಕ್ತಕ್ಕ ಏರ್ಯದ ಅಂದ್ರು. ಹನ್ನೊಂದು ಮೆಟ್ಟಲು ಇಳಸಾಕ ಆಗ ನಾಕು ಮಂದಿ ಸಿಕ್ಕರು. ಹುಡುಕಿದ್ರ ಎಲ್ಲಾ ಕಾಲಕ್ಕೂ ಸಿಗ್ತಿದ್ರು. ಇಪ್ಪತ್ತೈದು ಕಿಲೋನೂ ಇರಲಿಲ್ಲ ಆಕಿ.

ಹೆಣ ಮನಿಗೆ ತಂದಮ್ಯಾಲ ಅಯ್ಯಮ್ಮ ಜಳಕ ಮಾಡಿಸಿದ್ಲು. ನಡುವ ನನ್ನ ಒಳಗ ಕರದು ಬ್ಯಾಟರಿ ಹಿಡದು ಅಕ್ಕನ ಬಲ ಮೂಗು ತೋರಿಸಿದ್ಲು. ಅದನ್ನ ಬರಿಯಂಗಿಲ್ಲ, ನೀ ಮೇ ತಿಂಗಳದಾಗೇ ಬರದೀಯಲ್ಲ. ಆಕಿ ಮಂದಿ ಇದ್ದಾರ ಅಂತನೂ ನೋಡಲಿಲ್ಲ, ಮುಖದ ಮುಂದ ಬಂದು ಒದರಿದ್ಲು, "ನಾ ಹೇಳೀನೇನು ಹಿಟ್ಟು ಯಾರದಂತ? ನೀವ ಹೇಳೀರಿ! ಒಂದೊಂದು ಕಾಗದ ಬಂದಾಗೂ ಆಕಿ ಮಂಚದ ಬಾಜೂಕ ಕೂತು ಇಡೀ ಓಣಿಗೆ ಕೇಳುವಂಗ ಓದಿದ್ರಿ. ಹೆಂಗ ಕೇಳಬೇಕು ನಿಮಗ? ಮೊದಲನೇ ಕಾಗದದಿಂದ ಆಕಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಮೂರು ತಿಂಗಳು ಉಂಡಾಳ. ಹಿಟ್ಟು ಕುದಿಯೋದು ಕಂಡ್ರ ಮುಖ ಅರಳತಿತ್ತು. ಆಕಿ ಮೂಗು ತೋರಿಸಿದ್ಲು, ನೀವು ಜಾತಿ ಓದಿದ್ರಿ, ಅಯ್ಯನೋರ."

ಜಿನ್ನಿನಾಗ ತೂಕದ ಚೀಟಿ ಒದರಿ ಓದೋ ರೂಢಿ. ಮನಸ್ಸಿನಾಗ ಓದಾಕತ್ತೀನಿ ಅಂತನೇ ನಾ ತಿಳಕೊಂಡಿದ್ದೆ.

ಇನ್ನೊಂದು ಹೇಳಿದ್ಲು. ನಿನ್ನ ಮೊದಲನೇ ಕಾಗದದಾಗ, ನೀ ಸಂಜೀವ ಬಾಗಿಲಾಗ ನಿಂತದ್ದು ಬರದೀಯಲ್ಲ, ಅದನ್ನ ನಾ ಓದಿದ ಮ್ಯಾಲ ಅಕ್ಕ ಇಡೀ ದಿನ ಕಣ್ಣೀರು ಹಾಕಿದ್ಲಂತ. ನಾ ಪೈಪಿನ ತ್ರಾಸು ಅನಕೊಂಡಿದ್ದೆ. ಇದನ್ನ ಈಗ ಬರದೇ ಬರೀತೀನಿ. ಆವತ್ತು ಅಕ್ಕ ಏನೂ ಅಂದಿರಲಿಲ್ಲ. ಅಡಿಗಿ ಮನಿಯಿಂದ "ಯಾರಪ್ಪಾ ಬಾಗಿಲಾಗ?" ಅಂತ ಕೇಳಿದ್ಲು. ನಿಮ್ಮನ್ನ ಕಳಿಸಿ ಒಳಗ ಹೋಗಿ "ಯಾರಿಲ್ಲ, ಗ್ಯಾಸಿನವ" ಅಂದೆ. ಹನ್ನೊಂದು ವರ್ಷ ಆಕಿ, ಹುಡುಗಿ ಒಮ್ಮೆನೂ ಹೊಳ್ಳಿ ನೋಡಲಿಲ್ಲ ಅಂತ ನಂಬಿದ್ಲು. ನೀ, ಅಕ್ಕ ಒಪ್ಪಲಿಲ್ಲ ಅಂತ ನಂಬಿದಿ. ಒಪ್ಪದಾಂವ ನಾ.

ನೀ ಬಂದ ಆಯ್ತವಾರ ನಾ ರೈಲ್ವೆ ಸ್ಟೇಶನ್ನಿನಾಗ ಕೂತಿದ್ದೆ. ಆ ಮೋಟರಿಗೆ ಸಪ್ಪಳ ಅದ ಅಂತ ನನಗ ಗೊತ್ತಿರಲಿಲ್ಲ. ಅಕ್ಕ ಬಡಿತಾಳ ಅಂತನೂ.

ಸಂಜಿ ಮಾನ್ವಿ ದಾಟಿ ಹಿರೇಕೊಟ್ನೆಕಲ್ಲಿಗೆ ಟೆಂಪೋದಾಗ ಒಯ್ದಿವಿ. ನಮ್ಮ ಹೊಲದಾಗ ಕುಣಿ ತಗಸಿದ್ರು. ನಮ್ಮಲ್ಲಿ ಕೂಡ್ರಿಸಿ ಮಣ್ಣು ಕೊಡೋದು, ನಿನಗ ಗೊತ್ತದ. ವಿರೂಪಣ್ಣ ನನ್ನ ಮುಂದ ಬಂದು, "ಎಂಟು ತಿಂಗಳು ಹಾಸಿಗಿ ಹಿಡದಾಕಿ, ಕಾಲು ಸೆಟದು ಕಟ್ಟಿಗಿ ಆಗಿರ್ತಾವ. ಹೋದ ವರ್ಷ ನಮ್ಮ ಕಾಕಾಗ ಹಿಂಗ ಆಗಿ ಕಡೀಕ ಮಲಗಿಸೇ ಮುಚ್ಚಬೇಕಾತು" ಅಂದ. ಕುಣ್ಯಾಗ ಇಬ್ಬರು ಇಳದ್ರು. ಅಕ್ಕನ ಮೊಣಕಾಲಿಗೆ ಕೈ ಹಚ್ಚಿದ್ರು.

ಮಡಚಿದ್ವು. ಎರಡೂ. ಸಣ್ಣ ಹುಡುಗೀದು ಮಡಚಿದಂಗ ಮಡಚಿದ್ವು. ಪದ್ಮಾಸನ ಹಾಕಿ ಕೂಡ್ರಿಸಿದ್ರು. ಎಡಗೈ ಬಿಚ್ಚಿ ಅಂಗೈ ಮ್ಯಾಲ ಲಿಂಗ ಇಟ್ಟರು. ಚೀಲ ಕಟ್ಟಿದ ಗುರುತು ಮಣಿಕಟ್ಟಿನಾಗ ಇತ್ತು, ಅದರ ಮ್ಯಾಲ ವಿಭೂತಿ ಹಚ್ಚಿದ್ರು.

ಮಂದಿ ಎಲ್ಲಾ ಬೆರಗಾದ್ರು. ವಿರೂಪಣ್ಣ ನನ್ನ ಭುಜ ಹಿಡದು ತಿರುಗಿಸಿ, ನನಗ ತಿಳೀಲಿ ಅಂತ ಮೆಲ್ಲಕ, ತುಟಿ ಬಿಡಿಸಿ ಕೇಳಿದ, "ಎಂಥಾ ಸೇವಾ ಮಾಡೀಯೋ ಶರಣಯ್ಯಾ! ಯಾರು ಕಲಿಸಿದ್ರು ನಿನಗ ಇದನ್ನ?"

ಐವತ್ತು ಮಂದಿ ನನ್ನ ಬಾಯಿ ನೋಡಾಕತ್ತಿದ್ರು. ಅಕ್ಕ ಒಪ್ಪಂಗಿಲ್ಲ ಅನ್ನಾಕ ಅಕ್ಕ ಇರಲಿಲ್ಲ. ಮುಂದ ಕುಣ್ಯಾಗ ಕೂತಿದ್ಲು, ಕಣ್ಣು ಮುಚ್ಚಿ, ನನ್ನ ಉತ್ತರಕ್ಕ ಕಾದೋರಂಗ. ನಿನ್ನ ಹೆಸರು ಗಂಟಲದ ತನ ಬಂತು.

"ದೇವದುರ್ಗದ ಒಬ್ಬಾಕಿ ನರ್ಸಮ್ಮ" ಅಂದೆ.

ಆಮ್ಯಾಲ ಮಣ್ಣು ಎಳದ್ರು.

ಶರಣಯ್ಯ